ಮಿಸ್ ಜೆಫರ್ಸ್ ಬರೆದ ಗಿರಿಜಮ್ಮ

ನೆನೆದ ಅವರೆಕಾಳಿನ ಸಿಪ್ಪೆ ಬೆರಳಿಗೆ ಅಂಟಿಕೊಂಡರೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ. ಕಾಳಿನ ಮೇಲೆ ಸಿಟ್ಟಿಲ್ಲ, ಸಿಪ್ಪೆಯ ಮೇಲೆ. ಹೆಬ್ಬೆರಳಿನಿಂದ ಒತ್ತಿದೊಡನೆ ಬೇಳೆ ಪುಳಕ್ಕನೆ ಜಾರಿ ಬೋಗುಣಿಗೆ ಬೀಳುತ್ತದೆ. ಬಿಳಿಚಿಕೊಂಡ ತೆಳ್ಳನೆಯ ಸಿಪ್ಪೆ ಉಗುರಿನ ಸಂದಿಯಲ್ಲಿ ಉಳಿದುಬಿಡುತ್ತದೆ. ಮೊನ್ನೆ ಇಂಗ್ಲೆಂಡಿನಲ್ಲಿ ನಾನೀಗಿರುವ ಊರಿನ ನನ್ನ ಅಡುಗೆಮನೆಯಲ್ಲಿ ಒಂದು ಬಟ್ಟಲು ಕಾಳು ಹಿತಕಲು ಕೂತವಳು ಅರ್ಧಕ್ಕೇ ಎದ್ದು ಸೋಪು ಹಾಕಿ ಕೈ ತೊಳೆದೆ. ತೊಳೆದ ಮೇಲೂ ಬೆರಳನ್ನು ಟವಲ್ಲಿಗೆ ತಿಕ್ಕುತ್ತಲೇ ಇದ್ದೆ. ಹಿತಕಿದ ಬೇಳೆ ಸಾರು ಎಂದರೆ ನಮ್ಮ ಬಯಲುಸೀಮೆಯವರಿಗೆ ಬಾಯಲ್ಲಿ ನೀರೂರಬೇಕು. ನನಗೆ ಲೀಡ್ಸ್‌ನ ಒಂದು ಮನೆಯ ಹಾಲ್ ಕಣ್ಣಿಗೆ ಬರುತ್ತದೆ, ಅದರ ಗೋಡೆಯ ಮೇಲಿದ್ದ ಒಂದು ಮುಖ ಬರುತ್ತದೆ.

ಆ ವರ್ಷ ನಾನು ಲೀಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಬಟ್ಟೆಗೆ ಬಣ್ಣ ಹಾಕುವ ರಸಾಯನಶಾಸ್ತ್ರ ನನ್ನ ವಿಷಯ. ಊರಿನ ಉತ್ತರಕ್ಕೆ, ಕೆಂಪಿಟ್ಟಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಗುಡ್ಡ ಹತ್ತುವ ಬೀದಿಯೊಂದರಲ್ಲಿ ಪ್ರಸಾದಣ್ಣ ಮತ್ತು ಸುಮಕ್ಕನ ಮನೆಯ ಮೇಲಿನ ಸಣ್ಣ ಕೋಣೆಯಲ್ಲಿ ಬಾಡಿಗೆಗಿದ್ದೆ. ಇಬ್ಬರೂ ಬೆಂಗಳೂರಿನಿಂದ ಬಂದ ಇಂಜಿನಿಯರುಗಳು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನನಗೆ ಜ್ವರ ಬಂದಾಗ ಗಂಜಿ ಮಾಡಿ ಮಹಡಿ ಹತ್ತಿ ತಂದುಕೊಟ್ಟವರು ಅವರು; ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಹತ್ತಿರ ಹೆಸರು ಬರೆಸಲು ಜೊತೆಗೆ ಬಂದವರು. ಕೆಟ್ಟವರ ಮನೆಯಲ್ಲಿ ಕಂಡ ಅಸಹ್ಯವನ್ನು ಅಲ್ಲೇ ಬಿಟ್ಟು ಬರಬಹುದು. ಒಳ್ಳೆಯವರ ಮನೆಯಲ್ಲಿ ಕಂಡದ್ದು ಜೊತೆಗೇ ಬರುತ್ತದೆ.

ಏಪ್ರಿಲ್‌ನಲ್ಲಿ ಪ್ರಸಾದಣ್ಣನ ತಾಯಿ ಗಿರಿಜಮ್ಮ ಬಂದರು. ಸುಮಕ್ಕ ಬಸುರಿ. ಅವಳ ತಾಯಿಗೆ ಮೊಣಕಾಲಿನ ನೋವು, ಅಷ್ಟು ದೂರದ ಪ್ರಯಾಣ ಆಗದು. ಹಾಗಾಗಿ ಬಾಣಂತನ ಅತ್ತೆಯ ಪಾಲಿಗೆ ಬಂದಿತ್ತು. ಆರು ತಿಂಗಳ ವೀಸಾ. ಗಿರಿಜಮ್ಮ ಶಿರಾದ ಕಡೆಯವರು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಸೂಟ್‌ಕೇಸಿನಿಂದ ಅಂಟಿನುಂಡೆ, ಒಣಗಿದ ಅವರೆಕಾಳು, ಮೆಂತ್ಯದ ಹಿಟ್ಟು ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ಸೀರೆಯ ಮಡಿಕೆಯೊಳಗಿನಿಂದ ಕೇಸರಿಯ ಸಣ್ಣ ಡಬ್ಬಿ.

"ದಿನಾ ಹಾಲಿಗೆ ಹಾಕ್ಕೊಂಡು ಕುಡೀಬೇಕು ಕಣವ್ವಾ," ಎಂದು ಸೊಸೆಯ ಕೈಗಿಟ್ಟರು. "ಮಗೂಗೆ ನಿಮ್ಮಿಬ್ರು ಬಣ್ಣ ಬರ್ಲಿ. ನನ್ನದು ಬರಬಾರ್ದು."

ನಗುತ್ತಲೇ ಹೇಳಿದರು. ಸುಮಕ್ಕನೂ ನಕ್ಕಳು. ಗಿರಿಜಮ್ಮ ಬಹಳ ಕಪ್ಪು. ಪ್ರಸಾದಣ್ಣ ತಂದೆಯ ಹಾಗೆ ಬೆಳ್ಳಗೆ.

ಎದುರು ಮನೆಯಲ್ಲಿದ್ದವರು ಮಿಸ್ ಜೆಫರ್ಸ್. ಕೆರಿಬಿಯನ್ ದ್ವೀಪವೊಂದರಿಂದ ಚಿಕ್ಕ ಹುಡುಗಿಯಾಗಿದ್ದಾಗ ತಂದೆತಾಯಿಯ ಜೊತೆ ಲೀಡ್ಸ್‌ಗೆ ಬಂದು ಅಲ್ಲೇ ಮುದುಕಿಯಾದ ಕಪ್ಪು ಹೆಂಗಸು. ಶಾಲೆಯಲ್ಲಿ ಚಿತ್ರಕಲೆಯ ಟೀಚರ್ ಆಗಿದ್ದು ನಿವೃತ್ತರಾಗಿದ್ದರು. ಎತ್ತರದ ಆಳು, ಪೂರ್ತಿ ನರೆತ ಕೂದಲು, ಯಾವಾಗಲೂ ಗಂಡಸರ ನೀಲಿ ಅಂಗಿ; ತೋಳಿನ ತುದಿಯೆಲ್ಲ ಬಣ್ಣದ ಕಲೆ. ಆ ಬೀದಿಯಲ್ಲಿ ಅವರಿಗೆ ಹೆಸರೇ ಇರಲಿಲ್ಲ. ಬಸ್ ಓಡಿಸುವ ತಲೆ ಬೋಳಾದ ಗಂಡಸು, ಕೇರ್ ಹೋಮಿನಲ್ಲಿ ಕೆಲಸ ಮಾಡುವ ದಪ್ಪ ಹೆಂಗಸು, ಬೇಕರಿಯವನು, ಎಲ್ಲರೂ "ಮಾರ್ನಿಂಗ್, ಮಿಸ್" ಎನ್ನುತ್ತಿದ್ದರು. ಎಲ್ಲರೂ ಅವರ ಹಳೆಯ ವಿದ್ಯಾರ್ಥಿಗಳು. ನಾವೂ ಮಿಸ್ ಎಂದೇ ಕರೆಯತೊಡಗಿದೆವು.

ಬಿಸಿಲು ಬಂದ ಮೊದಲ ದಿನ ಗಿರಿಜಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು, ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಅವರೆಕಾಳು ಹಿತಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಓದುತ್ತಿದ್ದೆ. ಎದುರು ಬಾಗಿಲು ತೆರೆದು ಮಿಸ್ ಹೊರಗೆ ಬಂದರು. ರಸ್ತೆ ದಾಟಲಿಲ್ಲ, ತಮ್ಮ ಗೇಟಿನ ಹತ್ತಿರವೇ ನಿಂತು ನೋಡಿದರು. ಬಹಳ ಹೊತ್ತು.

"ಏನವ್ವಾ ಇವ್ಳು ನನ್ನ ಹಿಂಗೆ ನೋಡ್ತಾಳೆ?" ಎಂದರು ಗಿರಿಜಮ್ಮ, ತುಟಿ ಅಲುಗಿಸದೆ. "ಸಂತೇಲಿ ಎಮ್ಮೆ ನೋಡ್ದಂಗೆ."

ಮಿಸ್ ರಸ್ತೆ ದಾಟಿ ಬಂದು ನನ್ನನ್ನು ಕೇಳಿದರು: "ಲವ್, ಅವರ ಚಿತ್ರ ಬರೀಬೇಕು ನಾನು. ಒಪ್ತಾರಾ ಕೇಳ್ತೀಯಾ?" ಆ ಊರಿನಲ್ಲಿ ಅಂಗಡಿಯವನಿಂದ ಹಿಡಿದು ಎಲ್ಲರೂ ಎಲ್ಲರನ್ನೂ ಲವ್ ಎನ್ನುತ್ತಾರೆ. ನಾನು ಕೇಳಿದೆ.

"ನನ್ನ ಮುಖದಲ್ಲಿ ಏನೈತೆ ಬರೆಯಾಕೆ? ಸುಮಾನ ಬರೀಲಿ, ಲಕ್ಷಣವಾಗವ್ಳೆ."

ಆದರೆ ಪ್ರಸಾದಣ್ಣನಿಗೆ ಹೆಮ್ಮೆಯಾಯಿತು. ಸೆಪ್ಟೆಂಬರಿನಲ್ಲಿ ಹತ್ತಿರದ ಲೈಬ್ರರಿಯಲ್ಲಿ ಮಿಸ್ ಬರೆದ ಚಿತ್ರಗಳ ಪ್ರದರ್ಶನ ಇತ್ತು. "ಹೋಗಮ್ಮಾ, ನಮ್ಮ ಕನ್ನಡ ಕೂಟದಲ್ಲಿ ಯಾರಮ್ಮನ ಪೇಂಟಿಂಗೂ ಎಗ್ಸಿಬಿಷನ್ನಿಗೆ ಹೋಗಿಲ್ಲ," ಎಂದ.

ಮೊದಲ ದಿನ ಗಿರಿಜಮ್ಮ ರೇಷ್ಮೆ ಸೀರೆ ಉಟ್ಟು, ಮುಖದ ತುಂಬ ಪೌಡರ್ ಬಳಿದುಕೊಂಡು ಬಂದರು. ಕುತ್ತಿಗೆ ಒಂದು ಬಣ್ಣ, ಕೆನ್ನೆ ಇನ್ನೊಂದು. ಮಿಸ್‌ನ ಮುಂದಿನ ಕೋಣೆಯಲ್ಲಿ ಎಣ್ಣೆಯ ವಾಸನೆ. ಗಿರಿಜಮ್ಮ ಮೂಗೆಳೆದು "ಅಗಸೆ ಎಣ್ಣೆ ಅಲ್ಲೇನೇ ಇದು?" ಎಂದರು. ಹೌದು, ಬಣ್ಣ ಕಲಸುವ ಎಣ್ಣೆ ಅದೇ. ಗೊತ್ತಿರುವ ವಾಸನೆಯೊಂದು ಸಿಕ್ಕಿದ್ದರಿಂದ ಅವರ ಹೆಗಲು ಸ್ವಲ್ಪ ಇಳಿಯಿತು. ಮಿಸ್ ಒಳಗೆ ಹೋಗಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ತಂದು ಕೈಗೆ ಕೊಟ್ಟು, ತಮ್ಮ ಮುಖವನ್ನು ಒರೆಸಿಕೊಳ್ಳುವ ಹಾಗೆ ಕೈಯಾಡಿಸಿ ತೋರಿಸಿದರು.

ಗಿರಿಜಮ್ಮನ ಮುಖ ಬಿದ್ದುಹೋಯಿತು. ಎದ್ದು ನಿಂತರು. "ಕರೆದು ಅವಮಾನ ಮಾಡೋದು ಯಾವ ಮರ್ಯಾದೆ? ನಡೀ ಹೋಗನ."

ನಾನು ಮಿಸ್‌ಗೆ ಹೇಳಿದೆ. ಅವರು ಸಮಾಧಾನ ಮಾಡಲು ಹೋಗಲಿಲ್ಲ. ಬಣ್ಣದ ಹಲಗೆ ತಂದು ಗಿರಿಜಮ್ಮನ ಮುಂದೆ ಹಿಡಿದರು. ಅದರ ಮೇಲೆ ಗಾಢ ನೀಲಿ, ಸುಟ್ಟ ಇಟ್ಟಿಗೆಯಂಥ ಕೆಂಪು, ಒಂದು ಹಸಿರು, ಒಂದು ನೇರಳೆ, ಸ್ವಲ್ಪ ಹಳದಿ. ಬೆರಳನ್ನು ಒಂದೊಂದರ ಮೇಲೂ ಇಟ್ಟು, ಅದೇ ಬೆರಳನ್ನು ಗಾಳಿಯಲ್ಲಿ ಗಿರಿಜಮ್ಮನ ಹಣೆ, ಕೆನ್ನೆಯ ಮೂಳೆ, ಕಣ್ಣಿನ ಕೆಳಗಿನ ಗುಳಿ, ಕಿವಿಯ ಕಡೆ ತೋರಿಸುತ್ತ ಹೋದರು. ನೀಲಿ ಇಲ್ಲಿ. ಹಸಿರು ಇಲ್ಲಿ. ನೇರಳೆ ಕಿವಿಯ ಅಂಚಿನಲ್ಲಿ. ಹಲಗೆಯ ಮೇಲೆ ಕಪ್ಪು ಇರಲೇ ಇಲ್ಲ.

ಗಿರಿಜಮ್ಮ ಹಲಗೆಯನ್ನೂ ಅವರನ್ನೂ ನೋಡಿದರು. ಆಮೇಲೆ ಬಟ್ಟೆ ತೆಗೆದುಕೊಂಡು ಮುಖ ಒರೆಸಿಕೊಂಡು, "ನಾಳೆಯಿಂದ ಹತ್ತಿ ಸೀರೆ ಉಡ್ತೀನಿ. ಕಾಳೂ ತರ್ತೀನಿ. ಸುಮ್ನೆ ಕೂರಕ್ಕೆ ನನ್ನ ಕೈಲಾಗಲ್ಲ," ಎಂದರು.

ಹೀಗೆ ಶುರುವಾಯಿತು. ಸುಮಕ್ಕ ಮಧ್ಯಾಹ್ನ ಮಲಗಿದಾಗ ಗಿರಿಜಮ್ಮ ಬೋಗುಣಿ ಹಿಡಿದು ರಸ್ತೆ ದಾಟುವರು. ತಂದ ಒಣಕಾಳು ಮುಗಿದ ಮೇಲೆ ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ ಲಿಲ್ವಾ ಎಂಬ ಹೆಸರಿನಲ್ಲಿ ಸಿಗುವ ಅವರೆಕಾಳು ಬಂತು. "ಸೊಗಡೇ ಇಲ್ವಲ್ಲೇ ಇದಕ್ಕೆ," ಎಂದು ಬೈಯುತ್ತಲೇ ಹಿತಕಿದರು. ಮೊದಮೊದಲು ಮಾತು ದಾಟಿಸಲು ನಾನು ಬೇಕಿತ್ತು. ಆಮೇಲೆ ಬೇಕಾಗಲಿಲ್ಲ, ಆದರೂ ಹೋಗಿ ಕೂರುತ್ತಿದ್ದೆ. ಗಿರಿಜಮ್ಮ ಕನ್ನಡದಲ್ಲೂ ಮಿಸ್ ಇಂಗ್ಲಿಷಿನಲ್ಲೂ ಮಾತಾಡುವರು. ಇಬ್ಬರೂ ಸರಿಯಾದ ಜಾಗದಲ್ಲಿ ನಗುತ್ತಿದ್ದರು.

ಆ ಮಧ್ಯಾಹ್ನಗಳಲ್ಲಿ ಮಿಸ್‌ನ ಕಥೆ ನನಗೆ ಚೂರುಚೂರಾಗಿ ಸಿಕ್ಕಿತು. ತಂದೆ ಎರಕದ ಕಾರ್ಖಾನೆಯಲ್ಲಿ, ತಾಯಿ ಆಸ್ಪತ್ರೆಯ ನೆಲ ಒರೆಸುವ ಕೆಲಸದಲ್ಲಿ. ಹುಡುಗಿಯಾಗಿದ್ದಾಗ ಶಾಲೆಯಿಂದ ಒಂದು ದೊಡ್ಡ ಚಿತ್ರಶಾಲೆಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಒಬ್ಬ ದೊರೆಸಾನಿಯ ಚಿತ್ರ. ಆಕೆಯ ಕೆನ್ನೆಯಲ್ಲಿ ಗುಲಾಬಿ, ಹಸಿರು, ನೀಲಿ, ಏನೆಲ್ಲ ಬಣ್ಣ. ಹಿಂದೆ ತಟ್ಟೆ ಹಿಡಿದು ನಿಂತ ಕಪ್ಪು ಆಳಿಗೆ ಮಾತ್ರ ಒಂದೇ ಕಂದು, ಬಾಗಿಲಿಗೆ ಬಳಿದ ಹಾಗೆ.

"ಅವನನ್ನ ಯಾರೂ ನೋಡಿರಲಿಲ್ಲ, ಲವ್. ಬರೆದವನೂ ನೋಡಿರಲಿಲ್ಲ," ಎಂದರು. "ಆವತ್ತೇ ತೀರ್ಮಾನ ಮಾಡಿದೆ. ನಾನು ನೋಡ್ತೀನಿ ಅಂತ."

ಟೀಚರ್ ಆದ ಮೇಲೆ ಇನ್ನೊಂದು ಕಂಡರು. ನಿಮ್ಮ ಮುಖ ನೀವೇ ಬರೆಯಿರಿ ಎಂದರೆ ಕಪ್ಪು ಮಕ್ಕಳೂ ನಮ್ಮ ಏಷ್ಯಾದ ಮಕ್ಕಳೂ ಪೆನ್ಸಿಲ್ ಡಬ್ಬಿಯಿಂದ 'ಚರ್ಮದ ಬಣ್ಣ' ಎಂದು ಅಚ್ಚಾದ ತಿಳಿಗುಲಾಬಿಯನ್ನೇ ಎತ್ತಿಕೊಳ್ಳುವರು. ಮಿಸ್ ಆ ಪೆನ್ಸಿಲುಗಳನ್ನೆಲ್ಲ ತೆಗೆದು ಬೀರುವಿಗೆ ಹಾಕಿ, ಪ್ರತಿ ಮಗುವಿನ ಮುಂದೆ ಒಂದು ಸಣ್ಣ ಕನ್ನಡಿ ಇಟ್ಟರಂತೆ. ನಿವೃತ್ತರಾಗುವವರೆಗೂ ಅದನ್ನೇ ಮಾಡಿದರು.

ಅವರ ಚಿತ್ರಗಳಲ್ಲಿ ಯಾರೂ ನಿಂತಿರುವುದಿಲ್ಲ. ಬಸ್ ಡ್ರೈವರ್, ಕೇರ್ ಹೋಮಿನ ಹೆಂಗಸು, ಬೇಕರಿಯವನು, ಎಲ್ಲರೂ ಕೂತಿದ್ದಾರೆ, ದೊಡ್ಡ ಒಳ್ಳೆಯ ಕುರ್ಚಿಯಲ್ಲಿ. ಹಿಂದೊಮ್ಮೆ ಯಾವುದೋ ಗ್ಯಾಲರಿಯವರು, ನಿಮ್ಮ ಜನರ ಕಾರ್ನಿವಲ್ಲಿನ ಕುಣಿತ ಬರೆದುಕೊಡಿ, ಪ್ರದರ್ಶನ ಇಡುತ್ತೇವೆ ಎಂದಿದ್ದರಂತೆ. "ನಾವು ಕುಣಿಯೋವಾಗ ಕಾಣಿಸ್ತೀವಿ, ತಟ್ಟೆ ಹಿಡಿದಾಗ ಕಾಣಿಸ್ತೀವಿ. ಕೂತಾಗ ಯಾರಿಗೂ ಕಾಣಿಸಲ್ಲ. ನಾನು ಕೂತವರನ್ನೇ ಬರೀತೀನಿ ಅಂದೆ. ಅವರು ಮತ್ತೆ ಬರಲಿಲ್ಲ." ಪ್ರದರ್ಶನ ಮುಗಿದ ಮೇಲೆ ಪ್ರತಿ ಚಿತ್ರವನ್ನೂ ಕೂತವರ ಮನೆಗೇ ಕೊಟ್ಟುಬಿಡುವುದು ಅವರ ಪದ್ಧತಿ. ತಮ್ಮಲ್ಲಿ ಒಂದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ಒಂದು ದಿನ ನನ್ನನ್ನು ಕೇಳಿದರು. "ನಿಮ್ಮ ಭಾಷೆಯಲ್ಲಿ ಮೈಬಣ್ಣಕ್ಕೆ ಏನೇನು ಹೆಸರಿದೆ?" ನಾನು ಉತ್ಸಾಹದಿಂದ ಹೇಳತೊಡಗಿದೆ. ಎಣ್ಣೆಗೆಂಪು, ಗೋಧಿ ಬಣ್ಣ, ಹಾಲುಬಿಳುಪು, ಸಾದಾಗಪ್ಪು, ನೇರಳೆಹಣ್ಣಿನ ಕಪ್ಪು. ಅರ್ಥ ಹೇಳಿದ ಹಾಗೆಲ್ಲ ಅವರು ಬಣ್ಣ ಕಲಸಿ ಕಾಗದದ ಮೇಲೆ ಒಂದೊಂದು ಮಚ್ಚೆ ಇಟ್ಟರು. ಎಣ್ಣೆಗೆಂಪು ಅವರಿಗೆ ಬಹಳ ಹಿಡಿಸಿತು. "ನೋಡಿದವರು ಇಟ್ಟ ಹೆಸರು ಇದು," ಎಂದರು. "ಎಲ್ಲಿ ಬಳಸ್ತೀರಿ ಇವನ್ನೆಲ್ಲ? ಹಾಡಲ್ಲಾ?"

"ಮದುವೆ ಜಾಹೀರಾತಲ್ಲಿ," ಎಂದೆ.

ಅವರು ಬ್ರಷ್ ಕೆಳಗಿಟ್ಟರು. ನನಗೆ ನನ್ನ ಬಾಯಲ್ಲೇ ಏನೋ ಹಳಸಿದ ರುಚಿ ಬಂದ ಹಾಗಾಯಿತು.

ನಾವು ಏನು ಮಾತಾಡುತ್ತಿದ್ದೇವೆಂದು ಗಿರಿಜಮ್ಮ ಕೇಳಿದರು. ಹೇಳಿದೆ. ಅವರು ಕಾಳು ಹಿತಕುತ್ತಲೇ ತಮ್ಮ ಮದುವೆಯ ಮಾತು ತೆಗೆದರು. ಗಂಡಿನವರು ನೋಡಲು ಬಂದಾಗ ಹಜಾರದ ಕಿಟಕಿ ಮುಚ್ಚಿ, ಕತ್ತಲಲ್ಲಿ ಕೂರಿಸಿದ್ದರಂತೆ. "ಪ್ರಸಾದ ಹುಟ್ಟಿದಾಗ ನಮ್ಮತ್ತೆ ಊರಿಗೆಲ್ಲ ತೋರಿಸ್ಕೊಂಡು ಬಂದ್ಲು. ಕೆಂಪಗಿದ್ನಲ್ಲ. ಮಸಿ ಕುಡಿಕೇಲಿ ಬೆಣ್ಣೆ ಹುಟ್ಟೈತೆ ಅಂತಿದ್ಲು. ನಾನೂ ನಗ್ತಿದ್ದೆ. ಏನ್ ಮಾಡ್ಲಿ, ನಗದೆ?" ಅವರು ಈಗಲೂ ನಗುತ್ತಿದ್ದರು. ನಾನು ಅದನ್ನು ಇಂಗ್ಲಿಷಿಗೆ ದಾಟಿಸುವಾಗ ಮಿಸ್ ನಗಲಿಲ್ಲ. ಹೋಗಿ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಗಿರಿಜಮ್ಮನ ಕುರ್ಚಿಯನ್ನು ಬೆಳಕಿಗೆ ಎಳೆದರು.

ಜುಲೈನಲ್ಲಿ ಇನ್ನೊಂದು ನಡೆಯಿತು. ಗಿರಿಜಮ್ಮ ರಸ್ತೆ ದಾಟುವಾಗ ಹಾದುಹೋದ ಕಾರಿನಿಂದ ಯಾರೋ ಅವರ ಬಣ್ಣ ಹಿಡಿದು ಹೊಲಸು ಮಾತೊಂದನ್ನು ಕೂಗಿದರು. ಗಿರಿಜಮ್ಮನಿಗೆ ಅರ್ಥವಾಗಲಿಲ್ಲ. ಜೊತೆಗಿದ್ದ ನಾನು ಹೇಳಿದಾಗ ಪ್ರಸಾದಣ್ಣ ಕೂತಲ್ಲಿಂದ ಎದ್ದುಬಿಟ್ಟ. ಪೊಲೀಸರಿಗೆ ಫೋನ್ ಮಾಡಿದ. "ನಮ್ಮಮ್ಮನ ಬಣ್ಣದ ಬಗ್ಗೆ ಮಾತಾಡೋಕೆ ಯಾರು ಅವರು? ಮನುಷ್ಯರಾ?" ಎಂದ. ಆ ಸಿಟ್ಟು ನಿಜವಾದದ್ದು.

ಚಿತ್ರ ಮುಗಿಯಿತು. ದೊಡ್ಡ ಕುರ್ಚಿಯಲ್ಲಿ ಗಿರಿಜಮ್ಮ, ಹಸಿರು ಹತ್ತಿ ಸೀರೆ, ಮಡಿಲಲ್ಲಿ ಬೋಗುಣಿ, ಕಾಳಿನ ಮೇಲೆ ಒತ್ತಿ ಹಿಡಿದ ಹೆಬ್ಬೆರಳು. ಮುಖ ತುಸು ಪಕ್ಕಕ್ಕೆ ತಿರುಗಿತ್ತು. ಅದು ಕಪ್ಪು, ಆದರೆ ಆ ಕಪ್ಪಿನಲ್ಲಿ ಮಳೆಗೆ ಮೊದಲಿನ ಮೋಡದ ನೀಲಿ ಇತ್ತು, ಕೆನ್ನೆಯ ಮೇಲೆ ಬೆಲ್ಲದ ಪಾಕದ ಕೆಂಪು ಇತ್ತು, ಕಿವಿಯ ಅಂಚಿನಲ್ಲಿ ಬೆಳಕು ಹಾದು ನೇರಳೆ. ನಾನು ಪ್ರಯೋಗಾಲಯದಲ್ಲಿ ಯಂತ್ರವಿಟ್ಟು ಬಣ್ಣ ಅಳೆಯುವವಳು. ಅಷ್ಟು ಬಣ್ಣಗಳು ಒಂದು ಮುಖದಲ್ಲಿ ಜಗಳವಾಡದೆ ಇರುವುದನ್ನು ನೋಡಿರಲಿಲ್ಲ. ಗಿರಿಜಮ್ಮ ಸೆರಗಿನ ತುದಿ ಕಚ್ಚಿಕೊಂಡು ತುಂಬ ಹೊತ್ತು ನಿಂತರು.

"ನಮ್ಮವ್ವ ಇದ್ದಂಗೈತೆ," ಎಂದರು ಕೊನೆಗೆ. "ನಮ್ಮವ್ವನ್ನೂ ಯಾರೂ ಚೆಂದ ಅಂದಿರ್ಲಿಲ್ಲ."

ಆಗಸ್ಟಿನ ಮೊದಲ ವಾರ ಹೆರಿಗೆಯಾಯಿತು. ಹೆಣ್ಣು. ಆಸ್ಪತ್ರೆಯಿಂದಲೇ ಸುಮಕ್ಕನ ತಾಯಿಗೆ ವಿಡಿಯೊ ಕಾಲ್ ಹೋಯಿತು. ಹುಟ್ಟಿದ ಮಗು ಯಾವುದಾದರೂ ಕೆಂಪಗೇ ಕಾಣುತ್ತದೆ. ಮುಂದೆ ಬರುವ ಬಣ್ಣ ತಿಳಿಯಬೇಕಾದರೆ ಕಿವಿಯ ತುದಿ ನೋಡಬೇಕು ಎಂದು ನಮ್ಮ ಹೆಂಗಸರಿಗೆ ಗೊತ್ತು. ಫೋನಿನೊಳಗಿನಿಂದ ಮೊದಲು ಬಂದ ಮಾತು ಅದೇ. "ಎಲ್ಲಿ, ಕಿವಿ ತೋರ್ಸು." ಪ್ರಸಾದಣ್ಣ ಟೋಪಿ ಸರಿಸಿ ಕಿವಿಗೆ ಫೋನು ಹಿಡಿದ. ಅವರು ಫೋನಿಗೆ ಮುಖ ಹತ್ತಿರ ತಂದು ನೋಡಿದರು. "ಇರ್ಲಿ ಬಿಡಿ, ಆರೋಗ್ಯವಾಗಿದ್ರೆ ಸಾಕು."

ಗಿರಿಜಮ್ಮ ಸೊಸೆಯ ಹಾಸಿಗೆಯ ಪಕ್ಕ ಬಂದು ಅವಳ ಕೈ ಹಿಡಿದರು. "ನನ್ನ ಬಣ್ಣ ಬಂದ್ಬಿಡ್ತಲ್ಲವ್ವಾ. ತಪ್ಪು ತಿಳ್ಕಾಬ್ಯಾಡ." ಹೆತ್ತು ಇನ್ನೂ ಒಂದು ದಿನ ಆಗದ ಸುಮಕ್ಕ ಗೋಡೆಯ ಕಡೆ ತಿರುಗಿದಳು. ನಾನು ಹಣ್ಣಿನ ಚೀಲ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಅಲ್ಲಿ ಯಾರೂ ಯಾರ ಮೇಲೂ ಕೂಗಾಡಲಿಲ್ಲ. ನಾನು ಚೀಲವನ್ನು ಬಾಗಿಲಲ್ಲೇ ಇಟ್ಟು ಕಾರಿಡಾರಿನಲ್ಲಿ ಹೋಗಿ ಕೂತೆ.

ಮಗು ಮನೆಗೆ ಬಂದ ಮೇಲೆ ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಎಣ್ಣೆ ಎಲ್ಲ ಶುರುವಾದವು. ತಿಕ್ಕುತ್ತಿದ್ದವರು ಗಿರಿಜಮ್ಮನೇ. ಒಂದು ಸಂಜೆ ಮಿಸ್ ಮಗುವನ್ನು ನೋಡಲು ಬಂದರು. ಬಿಡಿಸಿಟ್ಟ ಟವಲ್ಲಿನ ಮೇಲೆ ಹಿಟ್ಟಿನ ಮುದ್ದೆಯಾಗಿ ಅಳುತ್ತಿದ್ದ ಕೂಸು. ಏಕೆ ಹೀಗೆ ತಿಕ್ಕುತ್ತಾರೆಂದು ನನ್ನನ್ನು ಕೇಳಿದರು. ಹೇಳಲೇಬೇಕಾಯಿತು. ಅವರು ಮಂಡಿಯೂರಿ ಕೂತು, ಮಗುವಿನ ಕಿವಿಯನ್ನು ಹತ್ತಿರದಿಂದ ನೋಡಿ, ಗಿರಿಜಮ್ಮನ ಕಿವಿಯನ್ನು ನೋಡಿ, "ಅದೇ ನೇರಳೆ," ಎಂದರು. ಎದ್ದು ಗಿರಿಜಮ್ಮನ ಹಿಟ್ಟು ಮೆತ್ತಿದ ಕೈಯನ್ನು ಹಿಡಿದುಕೊಂಡು ನಿಂತರು. ಮಾರನೇ ದಿನದಿಂದ ಗಿರಿಜಮ್ಮ ಬರೀ ಎಣ್ಣೆ ಹಚ್ಚಿ ನೀರು ಹಾಕತೊಡಗಿದರು. ಹಿಟ್ಟು ಏಕಿಲ್ಲ ಎಂದು ಸುಮಕ್ಕ ಕೇಳಿದರೆ "ಚಳಿಗೆ ಆಗಲ್ಲ ಕಣವ್ವಾ," ಎಂದರು.

ಸೆಪ್ಟೆಂಬರಿನಲ್ಲಿ ಲೈಬ್ರರಿಯ ಪ್ರದರ್ಶನ. ನಗರಸಭೆಯಿಂದ ಬಂದ ಅಧಿಕಾರಿಯೊಬ್ಬರು ಗಿರಿಜಮ್ಮನ ಚಿತ್ರದ ಮುಂದೆ ನಿಂತು ಸೀರೆಯನ್ನು ಹೊಗಳಿದರು, ಬೋಗುಣಿಯನ್ನು ಹೊಗಳಿದರು, ಸಮುದಾಯ ಎಂಬ ಮಾತನ್ನು ಹತ್ತಾರು ಸಲ ಆಡಿದರು, ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪ್ರಸಾದಣ್ಣ ಫೋಟೊ ತೆಗೆದು ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಯಾರೋ ಕೇಳಿದರು, "ಬೆಳಕು ಸರಿ ಬಿದ್ದಿಲ್ವಾ ಪ್ರಸಾದ್? ಅಮ್ಮ ತುಂಬಾ ಡಾರ್ಕ್ ಬಂದಿದಾರೆ." ಅವನು ಫೋಟೊ ಅಳಿಸಿದ.

ಚಿತ್ರ ಮನೆಗೆ ಬಂದ ದಿನವೇ ಅವನು ಮಿಸ್‌ನ ಬಾಗಿಲು ತಟ್ಟಿದ. ನಾನು ಅಲ್ಲೇ ಇದ್ದೆ. ಬಹಳ ವಿನಯದಿಂದ ಮಾತಾಡಿದ. ಚಿತ್ರ ಅದ್ಭುತವಾಗಿದೆ, ಮುಖ ಮಾತ್ರ ಒಂದು ಚೂರು ತಿಳಿ ಮಾಡಲಾದೀತೇ? ಅಕ್ಟೋಬರಿನಲ್ಲಿ ನಾಮಕರಣ, ಬೀಗರೆಲ್ಲ ವಿಡಿಯೊದಲ್ಲಿ ನೋಡುತ್ತಾರೆ.

"ಯಾವ ಜಾಗ ತಪ್ಪಾಗಿದೆ, ಪ್ರಸಾದ್? ತೋರಿಸಿ," ಎಂದರು ಮಿಸ್.

"ತಪ್ಪು ಅಂತಲ್ಲ..."

"ನಿಮ್ಮಮ್ಮನ ಮುಖ ನೆನಪಿಸಿಕೊಂಡು ಹೇಳಿ. ಹಣೆಯಾ? ಕೆನ್ನೆಯಾ?"

ಅವನು ಥ್ಯಾಂಕ್ಸ್ ಹೇಳಿ ಹೊರಟುಹೋದ.

ನಾಮಕರಣದ ದಿನ ನಾನು ಸ್ನಾನ ಮುಗಿಸಿ ಕೆಳಗೆ ಇಳಿದು ಬಂದಾಗ ಹಾಲ್ ತುಂಬ ಜನ ಇದ್ದರು. ತೊಟ್ಟಿಲಿಗೆ ಹೂವು. ಟ್ರೈಪಾಡಿನ ಮೇಲೆ ಫೋನು, ಅದರೊಳಗೆ ಬೆಂಗಳೂರಿನ ಬೀಗರು. ಗೋಡೆಯ ಮೇಲೆ, ತೊಟ್ಟಿಲಿನ ಹಿಂದೆ, ಚಿತ್ರ ಇತ್ತು. ಸೀರೆ ಅದೇ, ಬೋಗುಣಿ ಅದೇ, ಕೈಗಳು ಅವೇ ಕಪ್ಪು ಕೈಗಳು. ಮುಖ ಮಾತ್ರ ಬದಲಾಗಿತ್ತು. ಕುತ್ತಿಗೆಯಿಂದ ಮೇಲೆ ಯಾರೋ ತಿಳಿಗುಲಾಬಿ ಬೆರೆತ ಕೆನೆಬಣ್ಣ ಬಳಿದಿದ್ದರು. ಕಣ್ಣು, ತುಟಿಯ ಸುತ್ತ ಜೋಪಾನವಾಗಿ ಜಾಗ ಬಿಟ್ಟಿದ್ದರು. ಕಿವಿಯನ್ನೂ ಬಿಟ್ಟಿರಲಿಲ್ಲ. ಕೂಟದ ಗಣೇಶನ ಹಬ್ಬಕ್ಕೆ ಸ್ಟೇಜಿನ ಪರದೆ ಬರೆಯುವ ರಘು ಎಂಬವರು ಹಿಂದಿನ ದಿನ ಬಂದು ಅಕ್ರಿಲಿಕ್ ಬಣ್ಣದಲ್ಲಿ ಸರಿಮಾಡಿದ್ದರಂತೆ. ಅವರೇ ಅಲ್ಲಿ ಪ್ಲೇಟು ಹಿಡಿದು ನಿಂತಿದ್ದರು.

"ಅಮ್ಮ ಎಷ್ಟು ಲಕ್ಷಣವಾಗಿ ಬಂದಿದಾರೆ ನೋಡಿ," ಎಂದು ಯಾರೋ ಹೆಂಗಸು ಅಂದರು. ಸತ್ತವರ ಫೋಟೊವನ್ನು ಸ್ಟುಡಿಯೊದವರು ಬೆಳ್ಳಗೆ ಮಾಡಿ, ಕಟ್ಟು ಹಾಕಿಸಿ, ಹಾರ ಹಾಕುವುದನ್ನು ನಾನು ಊರಿನಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಬದುಕಿರುವವರಿಗೆ ಮಾಡಿದ್ದನ್ನು ನೋಡಿದ್ದು ಆವತ್ತೇ. ಗಿರಿಜಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಸದ್ದು ಹಾಲಿಗೆ ಕೇಳಿಸುತ್ತಿತ್ತು. ಗಂಡನಿಲ್ಲದವಳು ತೊಟ್ಟಿಲ ಶಾಸ್ತ್ರದ ಹತ್ತಿರ ಬರಬಾರದೆಂದು ಗಿರಿಜಮ್ಮ ತಾವೇ ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತಿದ್ದರು. ಗೋಡೆಯನ್ನು ನೋಡಿರಲಿಲ್ಲ. ಅವರಿಗೆ ಮೊದಲೇ ಹೇಳಬೇಕೆಂದು ನಾನು ಅಡುಗೆಮನೆಯ ಕಡೆ ತಿರುಗುವಷ್ಟರಲ್ಲಿ ಬಾಗಿಲ ಬೆಲ್ಲು ಆಯಿತು.

ಮಿಸ್. ಮೊದಲ ಸಲ ಅವರನ್ನು ಬಣ್ಣದ ಕಲೆಯಿಲ್ಲದ ಅಂಗಿಯಲ್ಲಿ ನೋಡಿದೆ. ಮಗುವಿಗೆ ಉಡುಗೊರೆಯಾಗಿ ಒಂದು ಸಣ್ಣ ದುಂಡು ಕನ್ನಡಿ ತಂದಿದ್ದರು. ಒಳಗೆ ಬಂದು, ಎಲ್ಲರಿಗೂ ನಕ್ಕು, ಗೋಡೆ ನೋಡಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಹತ್ತಿರ ಹೋದರು. ಹಾಲ್ ಮೆಲ್ಲಗೆ ಸುಮ್ಮನಾಯಿತು. ಪ್ರಸಾದಣ್ಣ ಏನೋ ಹೇಳಲು ಶುರುಮಾಡಿದ, ಫ್ಯಾಮಿಲಿ, ಸೆಂಟಿಮೆಂಟು ಎಂದೆಲ್ಲ. ಮಿಸ್ ಅವನನ್ನು ನೋಡಲಿಲ್ಲ. ಅಷ್ಟು ವರ್ಷ ಮಕ್ಕಳ ಕೈಯಿಂದ ತೆಗೆದು ಬೀರುವಿಗೆ ಹಾಕುತ್ತಿದ್ದ ಅದೇ ತಿಳಿಗುಲಾಬಿ ಅವರೇ ಬರೆದ ಮುಖದ ಮೇಲೆ ಬಂದು ಕೂತಿತ್ತು.

ಮಾತು ನಿಂತದ್ದಕ್ಕೋ ಏನೋ, ಗಿರಿಜಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು. ಎಲ್ಲರೂ ನೋಡುತ್ತಿದ್ದ ಕಡೆ ನೋಡಿದರು.

"ಯಾರ್ಲಾ ಅದು?"

"ನೀನೇ ಕಣಮ್ಮಾ," ಎಂದ ಪ್ರಸಾದಣ್ಣ.

"ನಾನಲ್ಲ."

"ಅಮ್ಮಾ, ಆಮೇಲೆ ಮಾತಾಡನ. ವಿಡಿಯೊ ಆನ್ ಇದೆ."

ಗಿರಿಜಮ್ಮ ನೇರ ತೊಟ್ಟಿಲಿನ ಹತ್ತಿರ ಹೋದರು. ಯಾರೋ "ಅಮ್ಮಾ, ಶಾಸ್ತ್ರ ಇನ್ನೂ..." ಎಂದರು. ಅವರು ಮಗುವನ್ನು ಎತ್ತಿ ಮಿಸ್‌ನ ತೋಳಿಗೆ ಕೊಟ್ಟು ಗೋಡೆಗೆ ಹೋಗಿ, ತಮ್ಮ ಮುಖಕ್ಕೆ ಮುಖ ಕೊಟ್ಟು ನಿಂತು, 'ಅವಳ' ಕೆನ್ನೆಯ ಅಂಚಿಗೆ ಹೆಬ್ಬೆರಳಿನ ಉಗುರು ಇಟ್ಟು ಒತ್ತಿದರು.

ಎಣ್ಣೆಬಣ್ಣದ ಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಹಿಡಿಯುವುದಿಲ್ಲ. ನಾನು ಓದುತ್ತಿದ್ದ ವಿಷಯದಲ್ಲಿ ಇದು ಮೊದಲ ಪಾಠ. ರಘು ಅವರಿಗೆ ಗೊತ್ತಿರಲಿಲ್ಲ, ಗಿರಿಜಮ್ಮನಿಗೂ ಗೊತ್ತಿರಲಿಲ್ಲ. ಅವರ ಹೆಬ್ಬೆರಳಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಸಿಪ್ಪೆ ಎಲ್ಲಿ ಬಿಡುತ್ತದೆ ಎಂದು ಹುಡುಕುವುದು. ಬಿಟ್ಟಿತು. ಕೆನ್ನೆಯ ಬಿಳುಪು ರಬ್ಬರಿನ ಹಾಗೆ ಎದ್ದು, ಸುರುಳಿಯಾಗಿ ಅವರ ಬೆರಳಿಗೆ ಬಂತು. ಕೆಳಗೆ ಬೆಲ್ಲದ ಪಾಕದ ಕೆಂಪು ಹಾಗೇ ಇತ್ತು.

"ಹಾಳಾಗುತ್ತೆ ಆಂಟಿ," ಎಂದರು ರಘು.

"ಅಮ್ಮಾ, ಎಲ್ಲಾ ನೋಡ್ತಿದಾರೆ," ಎಂದ ಪ್ರಸಾದಣ್ಣ.

"ನೋಡ್ಲಿ ಬಿಡು. ನನ್ನ ಯಾರು ನೋಡವ್ರೆ ಇಲ್ಲೀವರ್ಗೂ?"

ಹಣೆ, ಮೂಗು, ಗಲ್ಲ. ಒಂದೊಂದು ಚೂರೂ ಸುರುಳಿಯಾಗಿ ನೆಲಕ್ಕೆ ಬೀಳುತ್ತಿತ್ತು. ಯಾರೂ ತಿನ್ನುತ್ತಿರಲಿಲ್ಲ. ಕಿವಿಯ ಹತ್ತಿರ ಮಾತ್ರ ಉಗುರು ಆಳಕ್ಕೆ ಹೋಗಿ ಮಿಸ್ ಬರೆದ ನೇರಳೆಯೂ ಒಂದು ಚೂರು ಕಿತ್ತು ಬಂತು, ಒಳಗಿನ ಕ್ಯಾನ್ವಾಸ್ ಬಟ್ಟೆ ಕಂಡಿತು. ಗಿರಿಜಮ್ಮ ಗಾಬರಿಯಿಂದ ತಿರುಗಿ ನೋಡಿದರು. ಮಿಸ್ ತಲೆಯಾಡಿಸಿದರು, ಪರವಾಗಿಲ್ಲ ಎನ್ನುವ ಹಾಗೆ. ಆಮೇಲೆ ಅದನ್ನು ತಿದ್ದಿಕೊಡುತ್ತೀರಾ ಎಂದು ನಾನು ಕೇಳಿದಾಗ "ಇಲ್ಲ ಲವ್, ನಡೆದದ್ದು ನಡೆದಿದೆ. ಅದೂ ಇರಲಿ," ಎಂದರು.

ಗಿರಿಜಮ್ಮ ಗೋಡೆಯ ಪಕ್ಕದ ಸೋಫಾ ಕುರ್ಚಿಯನ್ನು, ಹಿರಿಯರೊಬ್ಬರು ಕೋಟು ಹಾಕಿದ್ದ ಕುರ್ಚಿಯನ್ನು, ಕೋಟು ತೆಗೆದು ಬದಿಗಿಟ್ಟು, ಚಿತ್ರದ ಕೆಳಗೆ ಎಳೆದುಕೊಂಡು ಕೂತರು. ಮಗುವಿಗಾಗಿ ಕೈ ಚಾಚಿದರು. ಮಿಸ್ ಕೊಟ್ಟರು. "ಸಾರು ಒಲೆ ಮೇಲೈತೆ," ಎಂದರು ಎಲ್ಲರಿಗೂ ಕೇಳುವ ಹಾಗೆ. "ಬೇಕಾದೋರು ಬಡಿಸ್ಕಳ್ಳಿ. ನಾನು ಏಳಲ್ಲ."

ಟ್ರೈಪಾಡಿನ ಮೇಲಿನ ಫೋನಿನಲ್ಲಿ ಸುಮಕ್ಕನ ತಾಯಿ "ಏನಾಯ್ತು? ಏನೂ ಕಾಣಿಸ್ತಿಲ್ಲ, ಯಾರಾದ್ರೂ ತಿರುಗಿಸಿ," ಎನ್ನುತ್ತಲೇ ಇದ್ದರು. ಸುಮಕ್ಕ ಎದ್ದು ಹೋಗಿ ಫೋನನ್ನು ತಿರುಗಿಸಿ, ಅತ್ತೆಯ ಕಡೆಗೆ ಇಟ್ಟಳು. ಏಕೆ ಹಾಗೆ ಮಾಡಿದಳೆಂದು ನನಗೆ ಇವತ್ತಿಗೂ ಖಚಿತವಿಲ್ಲ. ಅವಳ ಮುಖದಲ್ಲಿ ಏನೂ ಇರಲಿಲ್ಲ.

ನೆಲದ ಮೇಲೆ ಬಿದ್ದ ಚೂರುಗಳನ್ನು ಬಾಚಿದವಳು ನಾನು. ಜನ ನಡೆದಾಡಿದರೆ ಕಾರ್ಪೆಟ್ಟಿಗೆ ಅಂಟುತ್ತದೆಂದು ಮಂಡಿಯೂರಿ ಒಂದೊಂದಾಗಿ ಆರಿಸಿದೆ. ಅವು ನನ್ನ ಅಂಗೈಯ ಬಿಸಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಒಂದು ಚೂರಿನಲ್ಲಿ ಹಣೆಯ ಗೆರೆಗಳು ಅಚ್ಚಾಗಿದ್ದವು. ಅಡುಗೆಮನೆಯ ಕಸದ ಡಬ್ಬಿಯಲ್ಲಿ ಬೆಳಿಗ್ಗೆ ಹಿತಕಿದ ಅವರೆಯ ಸಿಪ್ಪೆ ರಾಶಿ ಬಿದ್ದಿತ್ತು. ಅದರ ಮೇಲೆ ಇದನ್ನು ಹಾಕಿದೆ. ಯಾವುದು ಯಾವುದೆಂದು ಕಣ್ಣಿಗೆ ಬೇರೆಯಾಗಲಿಲ್ಲ.

ವೀಸಾ ಮುಗಿದು ಹೊರಡುವ ಮುಂಚೆ ಗಿರಿಜಮ್ಮ ಚಿತ್ರವನ್ನು ತಾವೇ ಹೊತ್ತು ರಸ್ತೆ ದಾಟಿ ಮಿಸ್‌ಗೆ ಕೊಟ್ಟರು. "ನಿನ್ನ ಹತ್ರ ಇರ್ಲಿ. ಅಲ್ಲಿ ಬ್ಯಾಡ." ಕೂತವರ ಮನೆಗೆ ಹೋಗದೆ ಮಿಸ್‌ನಲ್ಲೇ ಉಳಿದ ಚಿತ್ರ ಅದೊಂದೇ. ಅವರು ಅದನ್ನು ಒಳಗೋಡೆಗೆ ಹಾಕಲಿಲ್ಲ. ಮುಂದಿನ ಕೋಣೆಯ ಕಿಟಕಿಯಲ್ಲಿ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ನಾನು ಲೀಡ್ಸ್ ಬಿಡುವವರೆಗೂ, ಪ್ರಸಾದಣ್ಣ ಬೆಳಿಗ್ಗೆ ಕೆಲಸಕ್ಕೆಂದು ಬಾಗಿಲು ತೆಗೆದ ಕೂಡಲೇ, ದೊಡ್ಡ ಕುರ್ಚಿಯಲ್ಲಿ ಕೂತ ಅವನ ತಾಯಿ ಎದುರು ಕಾಣುತ್ತಿದ್ದರು, ಕಿವಿಯ ಹತ್ತಿರ ಬಟ್ಟೆ ಬಯಲಾದ ಆ ಗಾಯದ ಸಮೇತ. ಅವನು ಕಾರಿನ ಕೀಲಿ ಹುಡುಕುವವನ ಹಾಗೆ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿಯುವನು. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದ ಸುಮಕ್ಕ ಮಾತ್ರ ಕೆಲವು ದಿನ ತಲೆಯೆತ್ತಿ ಆ ಕಿಟಕಿಯನ್ನೂ, ತೋಳಿನಲ್ಲಿದ್ದ ಕಿವಿಯನ್ನೂ ನೋಡುತ್ತ ನಿಲ್ಲುವಳು.

ಮೊನ್ನೆ ಅರ್ಧಕ್ಕೇ ಬಿಟ್ಟ ಕಾಳನ್ನು ಕೊನೆಗೆ ಮತ್ತೆ ತೆಗೆದುಕೊಂಡು ಕೂತೆ. ಪೂರ್ತಿ ಹಿತಕಿದೆ. ಅಸಹ್ಯ ಹೋಗಿರಲಿಲ್ಲ; ಸಿಪ್ಪೆ ಅಂಟಿದಾಗಲೆಲ್ಲ ಬಂತು. ಆದರೆ ಈ ಸಲ ಎದ್ದು ಹೋಗಲಿಲ್ಲ. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಕೂತೇ ಮುಗಿಸಿದೆ.